ಏಳು ದಿನದಲ್ಲಿ ಇಳಿದ ನಾಲ್ಕು ಕೆಜಿ

ಪ್ರಶ್ನೆ: ಡಾಕ್ಟರಮ್ಮ, ನನಗೆ 27 ವರ್ಷ. ಐದು ಅಡಿ ಎರಡು ಇಂಚು ಎತ್ತರ, 71 ಕೆಜಿ. ಇನ್ನು ಐದು ವಾರಕ್ಕೆ ಮದುವೆ. ನಿಶ್ಚಿತಾರ್ಥದ ಫೋಟೊ ನೋಡಿ ಗಂಡಿನ ಕಡೆಯವರೊಬ್ಬರು ‘ಹುಡುಗಿ ಸ್ವಲ್ಪ ದಪ್ಪ’ ಅಂದರಂತೆ. ವಾಟ್ಸಾಪ್‌ನಲ್ಲಿ ಬಂದ ಏಳು ದಿನದ ಡಯಟ್ ಮಾಡಿದೆ. ಒಂದು ದಿನ ಬರೀ ಹಣ್ಣು, ಒಂದು ದಿನ ಬರೀ ತರಕಾರಿ, ಒಂದು ದಿನ ಬಾಳೆಹಣ್ಣು-ಹಾಲು, ಜೊತೆಗೆ ಎಲೆಕೋಸಿನ ಸೂಪು. ಮೂರು ತಿಂಗಳ ಹಿಂದೆ ಒಮ್ಮೆ, ಈಗ ಇನ್ನೊಮ್ಮೆ. ಎರಡು ಸಲವೂ ನಾಲ್ಕು ಕೆಜಿ ಇಳಿಯಿತು; ಅನ್ನ ಉಂಡ ನಾಲ್ಕೇ ದಿನಕ್ಕೆ ಮೂರು ಕೆಜಿ ವಾಪಸು ಬಂತು. ಬಾಚಣಿಗೆ ತುಂಬ ಕೂದಲು ಬರುತ್ತಿದೆ. ನನಗೆ ಬಾಯಿ ಕಟ್ಟುವ ಶಕ್ತಿಯೇ ಇಲ್ಲವೇ? ನನ್ನನ್ನು ನೋಡಿ, ಶುಗರ್ ಮಾತ್ರೆ ನುಂಗುವ ನಮ್ಮಪ್ಪನೂ ಸೋಮವಾರದಿಂದ ಇದನ್ನೇ ಶುರು ಮಾಡುತ್ತಾರಂತೆ.
— ಹೆಸರು ಬೇಡ, ಅರಸೀಕೆರೆ

ಉತ್ತರ: ನೀವು ಕೊನೆಗೆ ಬರೆದ ಮಾತಿಗೇ ಮೊದಲು ಬರುತ್ತೇನೆ. ಅಪ್ಪನನ್ನು ತಡೆಯಿರಿ. ಗ್ಲಿಮಿಪಿರೈಡ್‌ನಂಥ ಕೆಲವು ಮಾತ್ರೆಗಳು ನಾವು ಉಂಡರೂ ಉಣ್ಣದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ನಾನು ಹೌಸ್ ಸರ್ಜನ್ ಆಗಿದ್ದಾಗ ಏಕಾದಶಿಯ ಮರುದಿನ ನಸುಕಿನಲ್ಲಿ ಹಿರಿಯರೊಬ್ಬರನ್ನು ಎತ್ತಿಕೊಂಡು ಬಂದರು. ಮೈಯೆಲ್ಲ ಬೆವರು, ಮಾತು ತೊದಲು. ಮನೆಯವರು ಲಕ್ವ ಹೊಡೆದಿದೆ ಎಂದು ಅಳುತ್ತಿದ್ದರು. ಆ ಹಿರಿಯರು ಊಟ ಬಿಟ್ಟಿದ್ದರು, ಶುಗರ್ ಮಾತ್ರೆ ಬಿಟ್ಟಿರಲಿಲ್ಲ. ಗ್ಲೂಕೋಸ್ ಕೊಟ್ಟ ಸ್ವಲ್ಪ ಹೊತ್ತಿಗೇ ಕಣ್ಣು ಬಿಟ್ಟು ಮಗಳ ಹೆಸರು ಹಿಡಿದು ಕರೆದರು. ಇನ್ನೊಂದಿಷ್ಟು ತಡವಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಅಪ್ಪನಿಗೆ ಎಂದಾದರೂ ಬೆವರು, ನಡುಕ, ತಬ್ಬಿಬ್ಬು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ. ಹದಿನೈದು ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೊಮ್ಮೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ಕಡಿಮೆ ಕ್ಯಾಲರಿಯ ಊಟವೇ ವಿಷ ಎನ್ನುತ್ತಿಲ್ಲ. ಬ್ರಿಟನ್ನಿನಲ್ಲಿ ‘ಡೈರೆಕ್ಟ್’ ಎಂಬ ಅಧ್ಯಯನದಲ್ಲಿ ಮಧುಮೇಹಿಗಳಿಗೆ ದಿನಕ್ಕೆ ಸುಮಾರು 850 ಕ್ಯಾಲರಿಯನ್ನೇ ಮೂರರಿಂದ ಐದು ತಿಂಗಳು ಕೊಟ್ಟರು. 2017ರಲ್ಲಿ ಫಲಿತಾಂಶ ಬಂತು: ವರ್ಷದ ಕೊನೆಗೆ ನೂರಕ್ಕೆ 46 ಮಂದಿಗೆ ಮಾತ್ರೆಯಿಲ್ಲದೆ ಶುಗರ್ ಹದಕ್ಕೆ ಬಂದಿತ್ತು. ಆದರೆ ಅಲ್ಲಿ ಮೊದಲ ದಿನವೇ ಶುಗರ್ ಮಾತ್ರೆ, ಬಿಪಿ ಮಾತ್ರೆ ನಿಲ್ಲಿಸಿದ್ದರು, ತಪಾಸಣೆ ನಡೆಯುತ್ತಲೇ ಇತ್ತು, ಮಾಮೂಲಿ ಊಟಕ್ಕೆ ವಾರಗಟ್ಟಲೆ ಹಂತ ಹಂತವಾಗಿ ತಂದರು. ಅಪ್ಪನಿಗೆ ಆಸೆಯಿದ್ದರೆ ಅವರ ಡಾಕ್ಟರ ಹತ್ತಿರ ಕೂತು ಮಾತಾಡಲಿ.

ಈಗ ನಿಮ್ಮ ನಾಲ್ಕು ಕೆಜಿ. ಲೆಕ್ಕ ಹಾಕೋಣ. ನಿಮ್ಮ ಮೈ ದಿನಕ್ಕೆ ಹೆಚ್ಚುಕಡಿಮೆ 1,800 ಕ್ಯಾಲರಿ ಖರ್ಚು ಮಾಡುತ್ತದೆ ಎನ್ನಿ. ನೀವು ತಿಂದದ್ದು 800 ಎನ್ನಿ. ಏಳು ದಿನಕ್ಕೆ ಕೊರತೆ 7,000. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7,700 ಬೇಕು. ಅಂದರೆ ಕರಗಿದ ಕೊಬ್ಬು ಒಂದು ಕೆಜಿಯೂ ಇಲ್ಲ. ಉಳಿದದ್ದರಲ್ಲಿ ಹೆಚ್ಚಿನದು ನೀರು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜೆನ್ ಎಂಬ ಪಿಷ್ಟ 400-500 ಗ್ರಾಂ ಕೂಡಿಟ್ಟಿರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು. ಊಟ ನಿಂತರೆ ಅದು ಖಾಲಿ. ಅನ್ನ, ಉಪ್ಪು ಒಳಗೆ ಹೋದರೆ ಮತ್ತೆ ಭರ್ತಿ. ಹಾಗೆ ವಾಪಸು ಬಂದ ಮೂರು ಕೆಜಿಗೆ ನಿಮ್ಮ ಬಾಯಿಚಪಲವನ್ನು ಬೈದುಕೊಳ್ಳಬೇಡಿ. ನೀವು ಸೋತಿಲ್ಲ. ನಿಮ್ಮ ಮೈ ತನ್ನ ಕೆಲಸ ಮಾಡಿದೆ.

ಕೂದಲು ಈಗ ಉದುರುತ್ತಿರುವುದು ಮೂರು ತಿಂಗಳ ಹಿಂದಿನ ಆ ಮೊದಲ ವಾರದ ಬಾಕಿ ಇರಬಹುದು. ಊಟ ದಿಢೀರನೆ ಕಡಿದರೆ ಕೂದಲಿನ ಬೇರು ವಿಶ್ರಾಂತಿಗೆ ಹೋಗಿ, ಎರಡು-ಮೂರು ತಿಂಗಳಿಗೆ ಉದುರುತ್ತದೆ. ಸಾಮಾನ್ಯವಾಗಿ ಮತ್ತೆ ಬರುತ್ತದೆ. ಆದರೂ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಥೈರಾಯ್ಡ್ ಒಮ್ಮೆ ನೋಡಿಸಿ. ಮುಟ್ಟು ಏರುಪೇರಾಗಿದ್ದರೆ ಅದನ್ನೂ ಹೇಳಿ. ಮೂರನೇ ಸಲ ಈ ಡಯಟ್ ಖಂಡಿತ ಬೇಡ. ತೂಕ ಸರ್ರನೆ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು.

ಐದು ವಾರದಲ್ಲಿ ಎರಡು, ಎರಡೂವರೆ ಕೆಜಿ ಇಳಿಯಬಹುದು, ಅದು ನಿಜವಾದ ಕೊಬ್ಬು. ಬೆಳಿಗ್ಗೆ ಎರಡು ಇಡ್ಲಿಗೆ ಚಟ್ನಿಗಿಂತ ಸಾಂಬಾರೇ ಜಾಸ್ತಿ. ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಸೊಪ್ಪು-ಕಾಳಿನ ಬಸ್ಸಾರು, ತಿನ್ನುವವರಾದರೆ ಮೊಟ್ಟೆ, ಮಜ್ಜಿಗೆ. ಸಂಜೆ ಹೆಸರುಕಾಳಿನ ಉಸಲಿ. ರಾತ್ರಿ ಊಟ ಬಿಡಬೇಡಿ, ಎರಡು ಚಪಾತಿ, ಪಲ್ಯ, ದಾಲ್ ಇರಲಿ. ದಿನಕ್ಕೆ ನಾಲ್ಕು ಕಪ್ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕುವವರಾದರೆ ಅಲ್ಲೇ 160 ಕ್ಯಾಲರಿ ಇದೆ. ಮದುವೆ ಮನೆಯಲ್ಲಿ ಡಬ್ಬಿ ತುಂಬ ಕೂತಿರುವ ಚಕ್ಕುಲಿ, ರವೆ ಉಂಡೆ ಕೈಗೆ ಸಿಗದ ಕಡೆ ಇರಲಿ. ಮುಕ್ಕಾಲು ಗಂಟೆ ನಡೆಯಿರಿ, ತಂಗಿಯನ್ನೋ ಗೆಳತಿಯನ್ನೋ ಕರೆದುಕೊಂಡು.

ಫೋಟೊ ನೋಡಿ ಮಾತಾಡಿದವರ ಬಗ್ಗೆ ನನಗೆ ಕೋಪವೇ ಬಂತು. ಅವರ ಮಾತಿನ ಮೇಲೆ ಮಾತ್ರ ಬ್ಲೌಸ್ ಅಳತೆ ಕೊಡಬೇಡಿ. ಈಗಿನ ಮೈಯಳತೆಗೇ ಹೊಲಿಸಿ, ಒಳಗೆ ಎರಡು ಇಂಚು ಬಟ್ಟೆ ಬಿಡಲು ಟೈಲರ್‌ಗೆ ಹೇಳಿ. ಬಿಗಿ ಮಾಡುವುದು ಮದುವೆಯ ಹಿಂದಿನ ವಾರವೂ ಆಗುತ್ತದೆ.