ಹೈರಾಕ್ಸ್ ಸಮಯ ಇಳಿಸಲು ಇನ್ನೂ ಭಾರ ಎತ್ತಬೇಕಾ?

ಹಾಸನದಿಂದ ನೀವು ಕೇಳಿರುವುದು ಇಷ್ಟು: ಓಟ, ವ್ಯಾಯಾಮ ಎರಡೂ ಬೆರೆತ ಹೈರಾಕ್ಸ್ ರೇಸನ್ನು ಪುರುಷರ ಓಪನ್ (ಸಾಮಾನ್ಯ) ವಿಭಾಗದಲ್ಲಿ ಮುಗಿಸಲು 1 ಗಂಟೆ 45 ನಿಮಿಷ ಹಿಡಿಯಿತು, ಪ್ರತಿ ಕಿಲೋಮೀಟರ್ ಓಟಕ್ಕೆ ಸರಾಸರಿ 7 ನಿಮಿಷ 15 ಸೆಕೆಂಡ್ ಬಿತ್ತು, ಸ್ಕ್ವಾಟಿನಲ್ಲಿ (ಹೆಗಲ ಮೇಲೆ ಭಾರವಿಟ್ಟು ಕೂತು ಏಳುವುದು) 120 ಕೆಜಿ ಎತ್ತುತ್ತೀರಿ, ಜಿಮ್ಮಿನಲ್ಲಿ ಸ್ಲೆಡ್ (ಭಾರ ಹೇರಿ ತಳ್ಳುವ, ಎಳೆಯುವ ಚಕ್ರವಿಲ್ಲದ ಬಂಡಿ) ಇಲ್ಲ. ಒಂದೂವರೆ ಗಂಟೆಗೆ ಇಳಿಯಲು ಇನ್ನೂ ಭಾರ ಎತ್ತಬೇಕಾ?

ಬೇಡ. ಓಡಿ. ನಾನು ಚಿಕ್ಕಮಗಳೂರಿನಲ್ಲಿ ತೋಟದ ಕೆಲಸದ ನಡುವೆ ಇದೇ ರೇಸಿಗೆ ತಯಾರಾಗುವವನು, ಈ ಮಾತನ್ನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಲೆಕ್ಕ ಹಾಕಿ ನೋಡಿ. 1 ಕಿಲೋಮೀಟರ್ ಓಟ, ಒಂದು ಸ್ಟೇಷನ್ (ಅಂದರೆ ಒಂದು ವ್ಯಾಯಾಮದ ಘಟ್ಟ), ಹೀಗೆ 8 ಸಲ. ನಿಮ್ಮ ಓಟಕ್ಕೇ 58 ನಿಮಿಷ ಹೋಗಿದೆ. ಎಂಟು ಸ್ಟೇಷನ್ನು, ನಡುವಿನ ಓಡಾಟ ಎಲ್ಲ ಸೇರಿ 47 ನಿಮಿಷ. ಕಿಲೋಮೀಟರಿಗೆ 6 ನಿಮಿಷ 15 ಸೆಕೆಂಡಿಗೆ ಬಂದರೆ ಅಲ್ಲೇ 8 ನಿಮಿಷ ಉಳಿಯಿತು. ಸ್ಕ್ವಾಟನ್ನು 140ಕ್ಕೆ ಏರಿಸಿದರೆ? ಸ್ಲೆಡ್ಡಿನಲ್ಲಿ ಒಂದು ನಿಮಿಷ ಉಳಿದರೆ ಅದೇ ದೊಡ್ಡದು. ನಿಮ್ಮ ವಿಭಾಗದಲ್ಲಿ ತಳ್ಳುವ ಸ್ಲೆಡ್ ತನ್ನ ತೂಕವೂ ಸೇರಿ 152 ಕೆಜಿ, ಎಳೆಯುವುದು 103 ಕೆಜಿ. ಎರಡೂ 50 ಮೀಟರ್. ಅದಕ್ಕೆ ಬೇಕಾದ ಬಲ ನಿಮ್ಮ ಕಾಲಲ್ಲಿ ಈಗಾಗಲೇ ಇದೆ. ಇಲ್ಲದಿರುವುದು ಆ ಬಲ ಬಳಸಿದ ಮೇಲೂ ಓಡುವ ಶಕ್ತಿ.

ವಾರಕ್ಕೆ ಮೂರು ಓಟ ಸಾಕು. ಅದರಲ್ಲಿ ಎರಡು ನಿಧಾನದ ಓಟ. ನಿಧಾನ ಅಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಓಡುವಷ್ಟು. ಒಂದು 40 ನಿಮಿಷದ್ದು, ಇನ್ನೊಂದನ್ನು ಮೆಲ್ಲಗೆ 75 ನಿಮಿಷದವರೆಗೆ ಬೆಳೆಸಿ. ಜಿಮ್ಮಿನಿಂದ ಬಂದವರಿಗೆ ಇದೇ ಕಷ್ಟ, ಬೆವರು ಸುರಿಯದಿದ್ದರೆ ಸುಮ್ನೆ ಟೈಮ್ ವೇಸ್ಟ್ ಅನ್ನಿಸುತ್ತದೆ. ಆದರೆ ಉಸಿರಿನ ತಳಪಾಯ ಕಟ್ಟುವುದು ಈ ಓಟವೇ. ಮೂರನೆಯದು ಜೋರಿನದು: 1 ಕಿಲೋಮೀಟರ್ ಓಟ, ಎರಡು ನಿಮಿಷ ಬಿಡುವು, ಹೀಗೆ ಐದು ಸಲ. 400 ಮೀಟರ್ ಟ್ರ್ಯಾಕಿನಲ್ಲಾದರೆ ಎರಡೂವರೆ ಸುತ್ತು. ಕೊನೆಯದು ಮೊದಲನೆಯದರಷ್ಟೇ ವೇಗದಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಜೋರು ಜಾಸ್ತಿಯಾಗಿದೆ ಅಂತ ಅರ್ಥ.

ನನಗಿಲ್ಲಿ ಗಿರಿಯ ದಾರಿಯಲ್ಲಿ ಕೈಮರ ದಾಟಿದರೆ ಬರೀ ಏರು. ಏರು ಓಟ ಸ್ಲೆಡ್ ತಳ್ಳಲು ಒಳ್ಳೆಯ ತಯಾರಿ, ತೊಡೆ ಮೀನಖಂಡ ಎರಡೂ ಅದೇ ರೀತಿ ಉರಿಯುತ್ತವೆ. ಆದರೆ ರೇಸು ನಡೆಯುವುದು ಒಳಾಂಗಣದಲ್ಲಿ, ಸಮತಟ್ಟು ನೆಲದಲ್ಲಿ. ವೇಗದ ಅಭ್ಯಾಸವನ್ನು ಸಮತಟ್ಟಲ್ಲೇ ಮಾಡಿ. ಇನ್ನು ನಮ್ಮೂರುಗಳು ಸಮುದ್ರಮಟ್ಟಕ್ಕಿಂತ ಸುಮಾರು 1,000 ಮೀಟರ್ ಎತ್ತರದಲ್ಲಿವೆ, ಅದರಿಂದ ಲಾಭವಿದೆ ಅಂತ ಕೆಲವರು ಹೇಳುತ್ತಾರೆ. ಆದರೆ ಓಟಗಾರರು ಎತ್ತರದ ತರಬೇತಿಗೆ ಹೋಗುವುದು ಸಾಮಾನ್ಯವಾಗಿ ಸುಮಾರು 2,000 ಮೀಟರ್ ಅಥವಾ ಅದಕ್ಕೂ ಮೇಲೆ. ನಮಗೆ ಇರುವ ಚಿಂತೆ ಬೇರೆ. ಇಲ್ಲಿನ ತಂಪಿಗೆ ಒಗ್ಗಿದ ಮೈ ಮುಂಬೈಯಂಥ ಊರಿನ ಸೆಕೆಗೆ ಬೇಗ ಸೋಲುತ್ತದೆ. ರೇಸಿಗೆ ಮುಂಚಿನ ಎರಡು ವಾರ ಕೆಲವು ಓಟಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ನೀರು ಜೊತೆಗಿರಲಿ.

ಈಗ ಬಹಳ ಮುಖ್ಯವಾದದ್ದು. ಸುಸ್ತಾದ ಕಾಲಲ್ಲಿ ಓಡುವುದನ್ನು ಬೇರೆಯಾಗಿಯೇ ಕಲಿಯಬೇಕು. ವಾರಕ್ಕೊಮ್ಮೆ ಹೀಗೆ ಮಾಡಿ: 1 ಕಿಲೋಮೀಟರ್ ಓಡಿ, ತಕ್ಷಣ 50 ಮೀಟರ್ ಲಂಜಸ್ (ಉದ್ದ ಹೆಜ್ಜೆ ಹಾಕಿ ಮಂಡಿ ಬಗ್ಗಿಸಿ ನಡೆಯುವುದು), ಮತ್ತೆ ಓಟ, ಮುಂದೆ 25 ವಾಲ್ ಬಾಲ್ (ಕೂತು ಎದ್ದು ಭಾರದ ಚೆಂಡನ್ನು ಗೋಡೆಯ ಮೇಲಿನ ಗುರಿಗೆ ಎಸೆಯುವುದು), ಮತ್ತೆ ಓಟ, ಆಮೇಲೆ ಟೈರ್ ಎಳೆತ, ಕೊನೆಗೆ ಇನ್ನೊಂದು ಓಟ. ಸ್ಟೇಷನ್ನಿನಿಂದ ಹೊರಬಂದ ಮೊದಲ 200 ಮೀಟರಿನಲ್ಲಿ ಹೆಜ್ಜೆ ಚಿಕ್ಕದಿರಲಿ, ಆದರೆ ಬೇಗಬೇಗ ಬೀಳಲಿ. ಉದ್ದ ಹೆಜ್ಜೆ ಹಾಕಲು ಹೋದರೆ ತೊಡೆ ಕಲ್ಲಾಗುತ್ತದೆ. ನಿಲ್ಲಬೇಡಿ, ನಡೆಯಬೇಡಿ. ಸ್ಲೆಡ್ ಆದ ಮೇಲಿನ ಓಟದಲ್ಲಿ ಜನ ಕಳೆದುಕೊಳ್ಳುವ ಸಮಯವೇ ಜಾಸ್ತಿ.

ಸ್ಲೆಡ್ ಇಲ್ಲ ಅಂತ ಕೊರಗಬೇಡಿ. ಪಂಕ್ಚರ್ ಅಂಗಡಿಯಲ್ಲಿ ಹಳೇ ಲಾರಿ ಟೈರ್ ಕೇಳಿ, ದಪ್ಪ ಹಗ್ಗ ಕಟ್ಟಿ, ಮೈದಾನದ ಮಣ್ಣಲ್ಲಿ ಎಳೆಯಿರಿ. ನಿಂತಲ್ಲೇ ನಿಂತು ಕೈಮೇಲೆ ಕೈ ಹಾಕಿ ಹಗ್ಗ ಎಳೆದರೆ ಸ್ಲೆಡ್ ಪುಲ್ ಅಭ್ಯಾಸವಾಯಿತು. ಸೊಂಟಕ್ಕೆ ಹಗ್ಗ ಕಟ್ಟಿ ಮುಂದೆ ಬಾಗಿ ನಡೆದರೆ ತಳ್ಳುವುದಕ್ಕೆ ಹತ್ತಿರದ್ದು. ಗೊಬ್ಬರದ ಚೀಲದಲ್ಲಿ 20 ಕೆಜಿ ಮರಳು ತುಂಬಿ ಬಾಯಿ ಗಟ್ಟಿಯಾಗಿ ಹೊಲಿದರೆ ಲಂಜಸ್ಸಿನ ಚೀಲ ತಯಾರು. 100 ಮೀಟರ್ ಅದನ್ನು ಹೊತ್ತು ಹೋಗಬೇಕು, ಪ್ರತಿ ಹೆಜ್ಜೆಗೂ ಹಿಂದಿನ ಮಂಡಿ ನೆಲ ಮುಟ್ಟಲೇಬೇಕು. ಮನೆಯಲ್ಲೂ ಅದೇ ನಿಯಮ ಪಾಲಿಸಿ.

ಒಂದೂವರೆ ಗಂಟೆಗೆ ಇಳಿಯಲು ಬೇಕಾದ 15 ನಿಮಿಷದಲ್ಲಿ ಉಳಿದ 7 ನಿಮಿಷ ಹೆಚ್ಚಾಗಿ ರೇಸಿನ ದಿನದ ತಾಳ್ಮೆಯಿಂದ ಬರುತ್ತದೆ. ಸ್ಕೀ ಅರ್ಗ್ (ನಿಂತು ಎರಡು ಹಿಡಿಗಳನ್ನು ಕೆಳಕ್ಕೆ ಎಳೆಯುವ ಯಂತ್ರ) ಮೊದಲ ಸ್ಟೇಷನ್. ಅಲ್ಲಿ ಜೋರು ಮಾಡಿ 15 ಸೆಕೆಂಡ್ ಗಳಿಸಿದವರು ಮುಂದೆ ಸ್ಲೆಡ್ಡಿನಲ್ಲಿ ಅದರ ನಾಲ್ಕು ಪಟ್ಟು ಕೊಡುತ್ತಾರೆ. ಬರ್ಪಿ ಬ್ರಾಡ್ ಜಂಪ್ (ನೆಲಕ್ಕೆ ಮಲಗಿ ಎದ್ದು ಮುಂದಕ್ಕೆ ಜಿಗಿಯುವುದು) 80 ಮೀಟರಿದೆ. ಏಳುವಾಗ ಒಂದೊಂದೇ ಕಾಲು ಮುಂದಿಟ್ಟು ಎದ್ದರೆ ಉಸಿರು ಉಳಿಯುತ್ತದೆ. ರೋಯಿಂಗಿನಲ್ಲಿ (ದೋಣಿ ಹುಟ್ಟು ಹಾಕುವಂಥ ಯಂತ್ರ) ಕಾಲಿಂದ ತಳ್ಳಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ. ಫಾರ್ಮರ್ಸ್ ಕ್ಯಾರಿ, ಅಂದರೆ ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು, ಒಂದೊಂದು ಕೈಗೆ 24 ಕೆಜಿ, ಕೆಳಗಿಡದೆ ಮುಗಿಸಿ. ಕೊನೆಯದು 6 ಕೆಜಿಯ 100 ವಾಲ್ ಬಾಲ್. ಕೈ ಸೋಲುವವರೆಗೆ ಎಸೆಯಬೇಡಿ. 20 ಎಸೆತ, ಐದು ಉಸಿರು, ಮತ್ತೆ 20, ಹೀಗೆ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಭಾರ ಎತ್ತುವುದನ್ನು ಪೂರ್ತಿ ಬಿಡಬೇಡಿ, ವಾರಕ್ಕೆ ಎರಡು ದಿನ ಇರಲಿ. ಕೊಯ್ಲಿನ ತಿಂಗಳುಗಳಲ್ಲಿ ನಾನು ಅದನ್ನೂ ಒಂದಕ್ಕೆ ಇಳಿಸುತ್ತೇನೆ. ಇಡೀ ದಿನ ಇಳಿಜಾರಲ್ಲಿ ನಿಂತು ಮೂಟೆ ಎತ್ತಿದ ಮೈಗೆ ಸಂಜೆ ಮತ್ತೆ ಸ್ಕ್ವಾಟ್ ಯಾಕೆ ಬೇಕು? ನಿಮ್ಮ ಕೆಲಸವೂ ಅಂಥದ್ದಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಿಂಡಿ ರೇಸಿಗೆ ಮೂರು ಗಂಟೆ ಮುಂಚೆ, ಇಡ್ಲಿಯಂಥ ಹಗುರದ್ದು. ರೂಢಿಯಿದ್ದರೆ ಒಂದು ಗಂಟೆ ಮುಂಚೆ ಕಾಫಿ ಒಳ್ಳೆಯದು. ಪುಡಿಯಲ್ಲಿ ಚಿಕೋರಿ ಜಾಸ್ತಿ ಇದ್ದರೆ ಪ್ರಯೋಜನ ಕಡಿಮೆ, ಚಿಕೋರಿಯಲ್ಲಿ ಕೆಫೀನ್ ಇರುವುದಿಲ್ಲ.

ನಿಮ್ಮ ಎಂಟೂ ಓಟದ ಸಮಯ ಬೇರೆ ಬೇರೆಯಾಗಿ ಫಲಿತಾಂಶದಲ್ಲಿ ಸಿಗುತ್ತದೆ, ಅದನ್ನು ಇಲ್ಲಿ ಹಾಕಿ. ಎರಡನೆಯದಕ್ಕಿಂತ ಮೂರನೆಯದು ತುಂಬಾ ನಿಧಾನವಾಗಿದ್ದರೆ ಟೈರ್ ಎಳೆತ ಮತ್ತು ಅದರ ಹಿಂದಿನ ಓಟವನ್ನು ವಾರಕ್ಕೆ ಎರಡು ಸಲ ಮಾಡಿ. ಎಂಟೂ ಒಂದೇ ಸಮನಾಗಿ ನಿಧಾನವಿದ್ದರೆ ಮೊದಲ ಎರಡು ತಿಂಗಳು ನಿಧಾನದ ಓಟದ ಮೇಲೇ ಗಮನವಿಡಿ.