ಮೊಣಕಾಲು ನೋವಿಗೆ ವಯಸ್ಸೊಂದೇ ಕಾರಣ ಅಲ್ಲ, ಮಾಸ್ತರೇ

ಓದುಗರ ಪತ್ರ (ಸಂಕ್ಷಿಪ್ತವಾಗಿ): ಇಂಗ್ಲೆಂಡಿನ ಲಿವರ್‌ಪೂಲ್, ಶೆಫೀಲ್ಡ್, ನ್ಯೂಕ್ಯಾಸಲ್ ವಿಶ್ವವಿದ್ಯಾಲಯಗಳು 2012ರಲ್ಲಿ ಸೇರಿ ವಯಸ್ಸಾದವರ ಎಲುಬು, ಕೀಲು, ಸ್ನಾಯುಗಳ ಅಧ್ಯಯನಕ್ಕೆ ಒಂದು ಜಂಟಿ ಕೇಂದ್ರ ಮಾಡಿಕೊಂಡವು, ನಮ್ಮ ಭಾಗಕ್ಕೂ ಡಾಕ್ಟರ್, ಮಣ್ಣಿನ ವಿಜ್ಞಾನಿ, ಇಂಜಿನಿಯರ್ ಎಲ್ಲ ಸೇರಿದ ಅಂಥದ್ದು ಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಕಡೆ ಎಲುಬಿನ ಡಾಕ್ಟರೇ ಸಿಗುವುದಿಲ್ಲ. ಮೊದಲು ಅದನ್ನು ಕೇಳಿ. ಮಣ್ಣಿನ ವಿಜ್ಞಾನಿ, ಇಂಜಿನಿಯರ್ ಎಲ್ಲ ಕೂತು ನನ್ನ ಮೊಣಕಾಲಿಗೆ ಮಾಡುವುದೇನಿದೆ? ವಯಸ್ಸಾದ ಮೇಲೆ ಕಾಲು ನೋಯುವುದು ಸಹಜ. ನಮ್ಮಜ್ಜಿ ಜೋಳದ ರೊಟ್ಟಿ ತಿಂದು ತೊಂಬತ್ತು ವರ್ಷ ಬದುಕಿದಳು, ಯಾವ ಸಂಶೋಧನೆಯೂ ಬೇಕಾಗಲಿಲ್ಲ. — ನಿವೃತ್ತ ಶಿಕ್ಷಕರು, ಲಿಂಗಸುಗೂರು ತಾಲ್ಲೂಕು

ಮಾಸ್ತರೇ, ಡಾಕ್ಟರ್ ಬೇಕು ಅನ್ನುವ ನಿಮ್ಮ ಮಾತು ಖರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪತ್ರದ ಕೊನೆಗೆ ಬರೆದಿದ್ದೀರಲ್ಲ, "ಸಹಜ" ಅಂತ, ಅದನ್ನು ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಕಾರಣ ಹುಡುಕದೆ ಯಾಕೆ ಸುಮ್ಮನಾದಿರಿ?

ಈ ಮಾತನ್ನೇ ನಾನು ಆಸ್ಪತ್ರೆಯೊಂದರಲ್ಲಿ ಕೇಳಿದ್ದೇನೆ. ಕಾರಟಗಿ ಕಡೆಯ ಹೆಣ್ಣುಮಗಳೊಬ್ಬಳು ಟೊಂಕ, ಮೊಣಕಾಲು ಎರಡೂ ಹಿಡಿದುಕೊಂಡು ಬಂದಿದ್ದಳು. ಡಾಕ್ಟರ್ ವಯಸ್ಸು ಕೇಳಿದರು, ಐವತ್ತೈದು ಅಂದಳು. "ವಯಸ್ಸಾಯ್ತಲ್ಲಮ್ಮ" ಅಂದು ನೋವಿನ ಮಾತ್ರೆ ಬರೆದುಕೊಟ್ಟರು. ಏನು ಕೆಲಸ ಮಾಡ್ತೀಯ, ಯಾವ ನೀರು ಕುಡೀತೀಯ, ಏನು ಉಣ್ಣುತ್ತೀಯ ಎಂದು ಯಾರೂ ಕೇಳಲಿಲ್ಲ.

ಅವಳು ಭತ್ತ ನಾಟಿ ಮಾಡುವವಳು. ನಾಟಿ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಕೆಸರು ಮೀನಖಂಡದವರೆಗೆ. ಎಡಗೈಯಲ್ಲಿ ಸಸಿ ಕಟ್ಟು, ಬಲಗೈಯ ಬೆರಳುಗಳಿಂದ ಒಂದೊಂದೇ ಸಸಿ ಕೆಸರಿಗೆ ಒತ್ತುತ್ತ ಹಿಂದಕ್ಕೆ ಹೆಜ್ಜೆ. ಪ್ರತಿ ಸಲ ಕಾಲನ್ನು ಕೆಸರಿನಿಂದ ಕಿತ್ತುಕೊಳ್ಳಬೇಕು. ಕೂಲಿ ಬಹಳ ಕಡೆ ಎಕರೆ ಲೆಕ್ಕದ ಗುತ್ತಿಗೆ, ಇಡೀ ಗುಂಪಿಗೆ ಸೇರಿ. ಒಬ್ಬಳು ನಡು ನೆಟ್ಟಗೆ ಮಾಡಿಕೊಂಡು ನಿಂತರೆ ಉಳಿದವರ ಕೂಲಿಗೆ ಪೆಟ್ಟು. ಹಾಗಾಗಿ ಯಾರೂ ನಿಲ್ಲುವುದಿಲ್ಲ. ಈಗ ಹೇಳಿ, ಅವಳ ನೋವು ಎಲುಬಿನ ಡಾಕ್ಟರರ ವಿಷಯವೋ, ಕೂಲಿಯ ಲೆಕ್ಕ ಬಲ್ಲವರ ವಿಷಯವೋ, ಯಂತ್ರ ಮಾಡುವ ಇಂಜಿನಿಯರರ ವಿಷಯವೋ? ಮೂವರದೂ ಅಲ್ವಾ?

ಗಂಗಾವತಿಯ ರೈಸ್ ಮಿಲ್‌ಗೆ ಬನ್ನಿ. ಭತ್ತದ ಚೀಲ ಎಂದರೆ ನಮ್ಮಲ್ಲಿ 75 ಕೆಜಿ. ರೇಟು ಹೇಳುವುದೂ ಅದೇ ಲೆಕ್ಕದಲ್ಲಿ. ಹಮಾಲರ ಬೆನ್ನಿಗೆ ಬೀಳುವುದೂ ಅದೇ. ಗಂಡಾಳು ಹೊರುವ ಭಾರ 55 ಕೆಜಿ ಮೀರಿದ್ದರೆ ಅದನ್ನು ಆದಷ್ಟು ಬೇಗ ಇಳಿಸಬೇಕು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಹಮಾಲನ ಬೆನ್ನೆಲುಬಿಗೆ ಬೇಕಾದ ಮೊದಲ ಔಷಧಿ ಸಣ್ಣ ಚೀಲ. ಅದನ್ನು ಯಾವ ಡಾಕ್ಟರಿಗೆ ಬರೆದುಕೊಡಲು ಬರುತ್ತದೆ?

ಇನ್ನು ನೀರು. ನಿಮ್ಮ ಲಿಂಗಸುಗೂರು, ದೇವದುರ್ಗ, ಇತ್ತ ಕುಷ್ಟಗಿ, ಯಲಬುರ್ಗಾ, ಎಲ್ಲ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕಾಟ ಗೊತ್ತಿದ್ದದ್ದೇ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ಬಹಳ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಹಲ್ಲಿಗಷ್ಟೇ ನಿಲ್ಲುವುದಿಲ್ಲ. ಎಲುಬಿಗೆ ಇಳಿಯುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಗ್ಗದಂತಾಗುತ್ತದೆ. ನಮ್ಮ ದೇಶದಲ್ಲಿ ಇದನ್ನು 1937ರಲ್ಲೇ ನೆಲ್ಲೂರು ಸೀಮೆಯಲ್ಲಿ ಗುರುತಿಸಿ ಬರೆದಿಟ್ಟರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ನಲ್ಗೊಂಡ ಕಡೆ ಮೊಣಕಾಲು ಒಳಕ್ಕೆ ಸೊಟ್ಟಗಾದ ಹುಡುಗರನ್ನು ಕಂಡರು. ಅವರು ಬರೀ ಕಾಲು ನೋಡಿ ಬಿಡಲಿಲ್ಲ. ಬಾವಿ ನೀರು ನೋಡಿದರು, ಮನೆಯ ಊಟ ನೋಡಿದರು. ನಾನು ಹೇಳುತ್ತಿರುವುದು ಇಂಥ ಸಂಶೋಧನೆ. ಅದು ನಡೆದದ್ದು ರಾಯಚೂರಿಗೆ ದೂರವೇನಲ್ಲದ ಸೀಮೆಯಲ್ಲಿ.

ಇಂಜಿನಿಯರ್ ಯಾಕೆ ಎಂದು ಕೇಳಿದ್ದೀರಿ. ಇವತ್ತು ಜಗತ್ತಿನ ತುಂಬ ಸೊಂಟದ ಕೀಲು ಬದಲಿಸುತ್ತಾರಲ್ಲ, ಅದನ್ನು ನೆಲೆಗೆ ತಂದವರು ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ. ಅವರು ಮೊದಲು ಕೀಲಿನ ಕುಳಿಗೆ ಟೆಫ್ಲಾನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟಲು ಕೂರಿಸಿದರು. ಅದು ಸವೆದು, ನೂರಾರು ರೋಗಿಗಳಿಗೆ ಮತ್ತೆ ತೊಂದರೆಯಾಯಿತು. ಆಗ, 1962ರಲ್ಲಿ, ಪ್ಲಾಸ್ಟಿಕ್ ಮಾರುವವನೊಬ್ಬ ಅವರ ವರ್ಕ್‌ಶಾಪಿಗೆ ಬಂದ. ಅವನ ಕೈಯಲ್ಲಿದ್ದದ್ದು ಲ್ಯಾಂಕಾಶೈರಿನ ಮಗ್ಗಗಳ ಗಿಯರಿಗೆ ಬಳಸುತ್ತಿದ್ದ ಪಾಲಿಎಥಿಲೀನ್. ಚಾರ್ನ್ಲಿ ಇದು ಆಗುವ ಮಾತಲ್ಲ ಎಂದು ಹೋಗಿಬಿಟ್ಟರು. ವರ್ಕ್‌ಶಾಪಿನ ಹ್ಯಾರಿ ಕ್ರೇವನ್ ಬಿಡಲಿಲ್ಲ, ಸವೆತ ಅಳೆಯುವ ಯಂತ್ರಕ್ಕೆ ಹಾಕಿ ಓಡಿಸಿದ. ಟೆಫ್ಲಾನ್ ಎದುರಿಗೆ ಅದು ಸವೆದದ್ದು ಏನೇನೂ ಅಲ್ಲ. ಆ ಜಾತಿಯ ಪ್ಲಾಸ್ಟಿಕ್ಕೇ ಇವತ್ತಿಗೂ ಕೃತಕ ಕೀಲುಗಳಲ್ಲಿದೆ. ನಮ್ಮಲ್ಲೂ ಹಾಗೆಯೇ. ಕಾಲು ಕಳೆದುಕೊಂಡವರಿಗೆ ಹಾಕುವ ಜೈಪುರ ಕೃತಕ ಕಾಲನ್ನು ಡಾಕ್ಟರ್ ಸೇಠಿ ಒಬ್ಬರೇ ಮಾಡಲಿಲ್ಲ, ಶಾಲೆ ಹೆಚ್ಚು ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮ ಜೊತೆಗಿದ್ದರು. ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಗೊಂಬೆ ಕಡೆಯುವುದನ್ನು ನೋಡಿದಾಗೆಲ್ಲ ನನಗೆ ಶರ್ಮರ ನೆನಪಾಗುತ್ತದೆ.

ನಿಮ್ಮ ಅಜ್ಜಿಯ ಮಾತಿಗೆ ಬರುತ್ತೇನೆ. ತೊಂಬತ್ತು ಬಾಳಿದ ಆ ತಾಯಿಗೆ ಕೈ ಮುಗಿಯುತ್ತೇನೆ. ಆದರೆ ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ಸರಾಸರಿ ಆಯಸ್ಸು 32ರ ಆಸುಪಾಸು. ಅಜ್ಜಿಯ ಓರಗೆಯವರಲ್ಲಿ ಹೆಚ್ಚಿನವರಿಗೆ ಮೊಣಕಾಲು ಸವೆಯುವಷ್ಟು ದಿನವೇ ಸಿಗಲಿಲ್ಲ. ಈಗ ಸರಾಸರಿ 70ರ ಹತ್ತಿರ ಬಂದಿದೆ. ಈ ಹೆಚ್ಚಿನ ವರ್ಷಗಳನ್ನು ಹೊರಸಿನ ಮೇಲೆ ಕಳೆಯಬೇಕೇ?

ಕಳೆಯಬೇಕಿಲ್ಲ. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ 10 ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಶಕ್ತಿ ಸರಾಸರಿ 174 ಶೇಕಡಾ ಏರಿತು. ತೊಂಬತ್ತಕ್ಕೆ, ಮಾಸ್ತರೇ! ನಿಮಗಿನ್ನೂ ಎಪ್ಪತ್ತು ತುಂಬಿಲ್ಲ. ಗಟ್ಟಿ ಕುರ್ಚಿಯ ಮೇಲೆ ಕೂತು, ಕೈ ಊರದೆ ಎದ್ದು ಕೂರುವುದನ್ನು ನಾಳೆಯಿಂದಲೇ ಶುರು ಮಾಡಿ. ನೋವು ಜಾಸ್ತಿಯಾದರೆ ಫಿಸಿಯೋಥೆರಪಿಯವರಿಗೆ ತೋರಿಸಿ ಕಲಿಯಿರಿ. ರೊಟ್ಟಿ ಬಿಡಬೇಡಿ, ಜೊತೆಗೆ ಬೇಳೆ, ಕಾಳು, ಮೊಸರು ಜಾಸ್ತಿ ಇರಲಿ.

ನನ್ನ ನಿಜವಾದ ಸಿಟ್ಟು ಬೇರೆ ಕಡೆ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ಅದರಲ್ಲೇ ಕೃಷಿ ಇಂಜಿನಿಯರಿಂಗ್ ಕಾಲೇಜು. ಚೌಳು ಭೂಮಿಯ ಮೇಲೆ ಕೆಲಸ ಮಾಡುವ ಸಂಶೋಧನಾ ಕೇಂದ್ರ ಗಂಗಾವತಿಯಲ್ಲಿದೆ. ಕಟ್ಟಡಗಳಿವೆ, ಓದಿದವರಿದ್ದಾರೆ. ನಾಟಿಯವಳ ಟೊಂಕದ ಬಗ್ಗೆ ಇವರೆಲ್ಲ ಒಂದೇ ಮೇಜಿಗೆ ಕೂತದ್ದನ್ನು ನಾನಂತೂ ಕಂಡಿಲ್ಲ. ಭತ್ತದ ತಳಿಗೆ ಸಿಕ್ಕುವ ಗಮನ ಭತ್ತ ನೆಡುವವಳಿಗೆ ಯಾಕಿಲ್ಲ? ಕೋಲಾರದ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಮೆದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಹಳ್ಳಿ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ. ಬಹಳ ಒಳ್ಳೆಯ ಕೆಲಸ. ಅದು ಬೆಂಗಳೂರಿಗೆ ಹತ್ತಿರ. ತುಂಗಭದ್ರೆಯ ಕಾಲುವೆ ದಂಡೆಯಲ್ಲಿ ಅಂಥದ್ದೊಂದು ಯಾಕಾಗಬಾರದು? ಏಮ್ಸ್‌ಗಾಗಿ ರಾಯಚೂರಿನ ಜನ 2022ರಿಂದ ಧರಣಿ ಕೂತರು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ಬಂದ ಮೇಲೂ ನಾವು ಹೀಗೆ ಕೂತೇ ಕೇಳಬೇಕು.

ಕೇಳುವವರ ಸಾಲಿನಲ್ಲಿ ನೀವೂ ಇರಬೇಕು, ಮಾಸ್ತರೇ. ನಿಮ್ಮ ಊರಿನ ಕುಡಿಯುವ ನೀರಿನ ಪರೀಕ್ಷೆಯ ವರದಿಯನ್ನು ಪಂಚಾಯ್ತಿಯಲ್ಲಿ ಕೇಳಿ ಪಡೆಯಿರಿ. ನಿಮ್ಮ ಓಣಿಯಲ್ಲಿ ಐವತ್ತು ದಾಟಿದವರಿಗೆ ಎಲ್ಲಿ ನೋವು, ಅವರು ಯಾವ ಕೆಲಸ ಮಾಡಿದವರು ಎಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಂತೆ ಸಾಲಾಗಿ ಬರೆಯಿರಿ, ಹೆಸರು ಬೇಡ. ಎರಡನ್ನೂ ನಮಗೆ ಕಳಿಸಿ. ಅಚ್ಚು ಹಾಕುತ್ತೇವೆ. ಒಂದೊಂದು ಪ್ರತಿಯನ್ನು ಮೂರೂ ಮೆಡಿಕಲ್ ಕಾಲೇಜಿಗೆ, ಕೃಷಿ ವಿಶ್ವವಿದ್ಯಾಲಯಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ನಾವೇ ಕಳಿಸುತ್ತೇವೆ.

— ಸಂಪಾದಕ