ಕೋಚಿಂಗ್‌ಗೆ ಅಂತ ಸಾಲ ಮಾಡಬೇಕಾ?

ಪ್ರಶ್ನೆ: ಮೇಡಂ, ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮಗಳು ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಈಗ ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಫಸ್ಟ್ ಪಿಯುಸಿ ಸೈನ್ಸ್. ಇಂಜಿನಿಯರಿಂಗ್ ಮಾಡುವ ಆಸೆ. ಬೆಂಗಳೂರಿನ ಕೋಚಿಂಗ್‌ಗೆ ಹಾಕಿದರೆ ಮಾತ್ರ ಸಿಇಟಿ ಪ್ರವೇಶ ಪರೀಕ್ಷೆಯಲ್ಲಿ ರ‍್ಯಾಂಕ್ ಬರುತ್ತೆ ಅಂತ ನೆಂಟರು ಹೇಳ್ತಾರೆ. ಮೆಕ್ಕೆಜೋಳದ ದುಡ್ಡು ಅಷ್ಟಕ್ಕೆ ಸಾಲಲ್ಲ. ಸಾಲ ಮಾಡಲೇಬೇಕಾ?

ಉತ್ತರ: ಬೇಡ ಅಮ್ಮಾ, ಸಾಲ ಮಾಡಬೇಡಿ. ಯಾಕೆ ಅಂತ ಹೇಳ್ತೀನಿ, ನೆಂಟರಿಗೂ ಓದಿ ಹೇಳಿ.

ಇಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕದ್ದು ಅರ್ಧ ಲೆಕ್ಕ ಮಾತ್ರ. ಉಳಿದ ಅರ್ಧ ಸೆಕೆಂಡ್ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕದ್ದು. ಕೋಚಿಂಗ್ ಹಿಂದೆ ಬಿದ್ದು ಕಾಲೇಜಿನ ಪಾಠ, ಲ್ಯಾಬ್ ಬಿಟ್ಟ ಮಕ್ಕಳು ಈ ಅರ್ಧದಲ್ಲೇ ಏಟು ತಿನ್ನುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತೆ. ಇನ್ನೊಂದು, ಸಿಇಟಿಯಲ್ಲಿ ಫಸ್ಟ್ ಪಿಯುಸಿ ಪಾಠದಿಂದಲೂ ಪ್ರಶ್ನೆ ಬರುತ್ತವೆ. ಹಾಗಾಗಿ ಈ ವರ್ಷವನ್ನು ಸುಮ್ನೆ ಕಳೆಯಬೇಡಿ ಅಂತ ಮಗಳಿಗೆ ಹೇಳಿ. ಮೊದಲು ಕಾಲೇಜಿನ ಪಠ್ಯಪುಸ್ತಕ, ಅಂದರೆ ಎನ್‌ಸಿಇಆರ್‌ಟಿ ಪುಸ್ತಕ, ಪೂರ್ತಿ ಅರ್ಥ ಆಗಲಿ. ಆಮೇಲೆ ಹಳೆಯ ಸಿಇಟಿ ಪ್ರಶ್ನೆಪತ್ರಿಕೆ.

ಆ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡೇ ಬಿಡಿಸಬೇಕು. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಮೆಡಿಕಲ್ ಸೀಟಿಗೆ ಬರೆಯುವ ನೀಟ್ ಹಾಗಲ್ಲ. ಅಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಕಳೆಯುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಪಿಯು ಮೊದಲ ತಿಂಗಳುಗಳು ತುಂಬಾ ಕಷ್ಟ. ವಿಷಯ ಗೊತ್ತಿರುತ್ತೆ, ಪ್ರಶ್ನೆಯ ಇಂಗ್ಲಿಷ್ ಅರ್ಥ ಆಗಲ್ಲ, ಅದಕ್ಕೆ ತಾನು ದಡ್ಡಿ ಅಂದುಕೊಂಡುಬಿಡುತ್ತಾರೆ. ನಿಮ್ಮ ಮಗಳು ಹಾಗೆ ಅಂದುಕೊಳ್ಳದಿರಲಿ. ಒಂದು ನೋಟ್‌ಬುಕ್‌ನಲ್ಲಿ ಹೊಸ ಇಂಗ್ಲಿಷ್ ಪದ, ಪಕ್ಕದಲ್ಲೇ ಹತ್ತನೇ ತರಗತಿಯಲ್ಲಿ ಕಲಿತ ಕನ್ನಡ ಪದ ಬರೆದುಕೊಳ್ಳಲಿ. ಗೊತ್ತಾಗದಿದ್ದರೆ ಲೆಕ್ಚರರ್ ಹತ್ತಿರ ಕನ್ನಡದಲ್ಲೇ ಕೇಳಲಿ, ಅದರಲ್ಲಿ ನಾಚಿಕೆ ಯಾಕೆ?

ಇನ್ನು ನೀವು ಮಾಡಬೇಕಾದ ಕೆಲಸ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಗ್ರಾಮೀಣ ಮೀಸಲಾತಿ ಇದೆ, ಶೇ. 15. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಶೇ. 5 ಬೇರೆ. ಇದು ನಿಮ್ಮ ಮಗಳ ಹಕ್ಕು. ಎಷ್ಟೋ ಮನೆಯವರು ದಾಖಲೆ ಸರಿ ಇಲ್ಲದೆ ಇದನ್ನು ಕಳೆದುಕೊಳ್ಳುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ವಿಚಾರಿಸಿ. ಊರಿನ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರದ ಬಗ್ಗೆ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ಮಾರ್ಕ್ಸ್‌ಕಾರ್ಡ್, ಆಧಾರ್, ಶಾಲೆ ದಾಖಲೆ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ತರ ಇದೆಯಾ ನೋಡಿಕೊಳ್ಳಿ. ಅರ್ಜಿ ಹಾಕುವ ವಾರದಲ್ಲಿ ಇದಕ್ಕೆ ಓಡಾಡುವುದು ಬೇಡ.

ಇಂಜಿನಿಯರಿಂಗ್ ಕಾಲೇಜಿಗೂ ದೂರ ಹೋಗಬೇಕು ಅಂತಿಲ್ಲ. 1951ರಿಂದ ಇರುವ ಯುಬಿಡಿಟಿ ದಾವಣಗೆರೆಯಲ್ಲೇ ಇದೆ, ಬಿಐಇಟಿ ಇದೆ.

ಪ್ರಶ್ನೆ: ಅಕ್ಕಾ, ನಾನು ಚಿತ್ರದುರ್ಗದವನು, ಸಿಇಟಿ ರ‍್ಯಾಂಕ್ ಸುಮಾರಾಗಿದೆ. ಬೇಕಾದ ಕಾಲೇಜುಗಳ ಪಟ್ಟಿ ಹಾಕುವ ಆಪ್ಷನ್ ಎಂಟ್ರಿಯಲ್ಲಿ ಖಂಡಿತ ಸಿಗುವ ಕಾಲೇಜನ್ನೇ ಮೊದಲು ಹಾಕು ಅಂತ ಸೈಬರ್ ಸೆಂಟರ್‌ನವರು ಹೇಳಿದರು. ಹೌದಾ?

ಉತ್ತರ: ಹಾಗೆ ಮಾಡಲೇಬೇಡಪ್ಪಾ. ನಿನ್ನ ರ‍್ಯಾಂಕ್ ಸರದಿ ಬಂದಾಗ ಕಂಪ್ಯೂಟರ್ ನಿನ್ನ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತೆ, ಸೀಟು ಖಾಲಿ ಇರುವ ಮೊದಲ ಆಪ್ಷನ್ ಕೊಡುತ್ತೆ. ಖಂಡಿತ ಸಿಗುವುದನ್ನು ಮೇಲೆ ಹಾಕಿದರೆ ಅದೇ ಸಿಗುತ್ತೆ, ಕೆಳಗಿರುವ ಒಳ್ಳೆಯದನ್ನು ನೋಡುವುದೇ ಇಲ್ಲ. ನಿನಗೆ ಯಾವುದು ಜಾಸ್ತಿ ಇಷ್ಟವೋ ಅದೇ ಮೊದಲು, ಖಂಡಿತ ಸಿಗುವುದು ಕೊನೆಯಲ್ಲಿ. ಸಿಕ್ಕರೂ ಸೇರಲ್ಲ ಅನ್ನುವ ಕಾಲೇಜು ಪಟ್ಟಿಯಲ್ಲೇ ಬೇಡ. ಪಾಸ್‌ವರ್ಡ್ ನಿನ್ನ ಹತ್ತಿರವೇ ಇರಲಿ, ಪಟ್ಟಿಯನ್ನು ನೀನೇ ಕೂತು ಹಾಕು.